ನಾಲ್ಕು ಇಟ್ಟಿಗೆಯ ಎತ್ತರ

ಕಮಾನು ಅಂಗಡಿ, ಹಿಂದಿನ ಕೋಣೆ
ಶನಿವಾರ, ಹದಿಮೂರನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಕಳೆದ ವಾರ ನಿನಗೆ ನೆಗಡಿಯಾಗಿ ಗಂಟಲು ಕಟ್ಟಿತ್ತೆಂದು ನಿನ್ನ ಅಮ್ಮ ಫೋನಿಟ್ಟ ಮೇಲೆ ಗೋಡೆಯ ಕಡೆ ನೋಡಿಕೊಂಡು ಹೇಳಿದಳು. ನನಗೆ ತಿಳಿಯಬೇಕಾದ ನಿನ್ನ ಸುದ್ದಿಯನ್ನೆಲ್ಲ ಅವಳು ಮೂರು ವರ್ಷದಿಂದ ಗೋಡೆಗೇ ಹೇಳುವುದು. ಈಗ ಗುಣವಾಗಿರಬೇಕು ಅಂದುಕೊಂಡಿದ್ದೇನೆ. ಗ್ರೈಂಡರ್ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಇಲ್ಲಿದ್ದಾಗ ಹೇಳಿದರೆ ಕೇಳುತ್ತಿರಲಿಲ್ಲ, ಅಲ್ಲಿ ನೀನೇ ಯಜಮಾನಿ, ಹೇಳುವವರು ಯಾರೂ ಇಲ್ಲ. ನಾನು ಚೆನ್ನಾಗಿದ್ದೇನೆ. ಸೊಂಟ ಹಿಡಿದುಕೊಂಡಿದೆ, ಅದಕ್ಕೆ ಕಾರಣ ಮುಂದೆ ಬರೆಯುತ್ತೇನೆ. ನಿನ್ನ ಅಮ್ಮನ ಕಾಲೊಳಗಿನ ಪ್ಲೇಟು ಸರಿಯಾಗಿ ಕೂತಿದೆ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಕೋಲು ಹಿಡಿದು ಮನೆಯೊಳಗೆಲ್ಲ ಓಡಾಡುತ್ತಾಳೆ. ನಾನು ಮಾಡಿದ ಅಡುಗೆಗೆ ಹೆಸರಿಡುವಷ್ಟು ಶಕ್ತಿ ಬಂದಿದೆ.

ಮೂರು ವರ್ಷದಲ್ಲಿ ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ಮಾತಿಗೆ ದನಿ ಏರಿಸುತ್ತೇನೆ, ನೀನು ಮೂರನೇ ಮಾತಿಗೆ ಇಟ್ಟುಬಿಡುತ್ತೀಯಾ. ಕಾಗದವಾದರೆ ಪೂರ್ತಿ ಹೇಳಿ ಮುಗಿಯುವ ತನಕ ಯಾರೂ ಅಡ್ಡಬಾಯಿ ಹಾಕುವುದಿಲ್ಲ. ಗಾಬರಿಯಾಗಬೇಡ, ಇದು ಕೆಲಸದ ಕಾಗದ. ಕೆಲಸದ ವಿಷಯದಲ್ಲಿ ನಿನ್ನನ್ನು ಒಂದು ಮಾತು ಕೇಳುವುದಿದೆ.

ವಿಷಯ ಇಷ್ಟು. ನಿನ್ನ ಅಮ್ಮನಿಗೆ ನಿನ್ನ ಮನೆ ನೋಡಬೇಕಾಗಿದೆ. ನೀನು ಬೇರೆ ಊರಲ್ಲಿ ಶೆಡ್ಡು ಹಾಕಿ, ಅದರ ಮೇಲೇ ಮನೆ ಮಾಡಿಕೊಂಡು ಇಷ್ಟು ದಿನವಾಯಿತು, ಅವಳು ಒಂದು ಸಲವೂ ನೋಡಿಲ್ಲ. ಮೊದಲ ಎರಡು ವರ್ಷ, ನಾನಾಗಿಯೇ ಹೊರಡೋಣ ಎನ್ನುತ್ತೇನೆಂದು ಕಾದಳು. ನಾನು ಅನ್ನಲಿಲ್ಲ. ಆಮೇಲೆ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಡಬ್ಬ ತೆಗೆಯಲು ಹೋಗಿ ಬಿದ್ದು ಮೊಣಕಾಲು ಮುರಿದುಕೊಂಡಳು. ನೀನು ಆಸ್ಪತ್ರೆಗೆ ಬಂದಿದ್ದೆ. ನಾನು ಊಟದ ಡಬ್ಬಿ ಹಿಡಿದು ಬರುವಷ್ಟರಲ್ಲಿ ನೀನು ಹೊರಟುಹೋಗಿದ್ದೆ, ಹಾಸಿಗೆಯ ಪಕ್ಕದ ಕುರ್ಚಿ ಇನ್ನೂ ಬೆಚ್ಚಗಿತ್ತು. ಈ ಮನೆಗೆ ನೀನು ಬರುವುದಿಲ್ಲ. ಯಾಕೆಂದು ನನಗೆ ಗೊತ್ತು, ಹೊಸ್ತಿಲು ತುಳಿಯಬೇಡ ಎಂದವನು ನಾನೇ. ಹಾಗಾಗಿ ಅವಳೇ ಬರಬೇಕು. ಬಸ್ಸಿನ ಮಾತೇ ಇಲ್ಲ. ಆರು ಗಂಟೆಯ ದಾರಿ, ಕಾಲು ಮಡಚಿ ಅಷ್ಟು ಹೊತ್ತು ಕೂರುವ ಹಾಗಿಲ್ಲ. ನಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಅಡ್ಡ ಕೂತರೆ ಮಾತ್ರ ಆಗುತ್ತದೆ. ಆದರೆ ಆ ಸೀಟಿಗೆ ಹತ್ತುವುದು ಹೇಗೆ?

ನಮ್ಮ ಗಾಡಿ ನಿನಗೆ ಗೊತ್ತಲ್ಲ. ಹಿಂಭಾಗ ಯಾವಾಗಲೂ ಆಕಾಶಕ್ಕೆ. ಅದು ಸಾಮಾನು ಹೊರುವ ಗಾಡಿಯೂ ಅಲ್ಲ, ಬರೀ ಕಾರು, ಆದರೂ ಹಿಂದಿನ ಭಾರ ಹೊರುವ ಕಮಾನಿಗೆ ಉಕ್ಕಿನ ಪಟ್ಟಿ ಒಂದು ಹೆಚ್ಚಿಗೆ ಹಾಕಿ ಎತ್ತರಿಸಿ ನಿಲ್ಲಿಸಿದ್ದೆ. ರಸ್ತೆಯಲ್ಲಿ ಹೋದರೆ ಇದು ಕಮಾನು ಮೇಸ್ತ್ರಿಯ ಗಾಡಿ ಎಂದು ಬೋರ್ಡಿಲ್ಲದೆ ಗೊತ್ತಾಗಬೇಕು, ಅದೊಂದು ಜಂಭ. ಮೊಣಕಾಲು ಗಟ್ಟಿಯಿದ್ದಾಗಲೂ ನಿನ್ನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲು ಹಿಡಿದು, ಉಸ್ಸಪ್ಪಾ ಎಂದು ಹತ್ತುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಹಿತ್ತಲಲ್ಲಿ ಇಟ್ಟಿಗೆ ಅಡ್ಡಡ್ಡ ಪೇರಿಸಿ, ಕಿಟಕಿಯ ಸರಳು ಹಿಡಿದು ದಿನಾ ಕಾಲೆತ್ತುವ ಅಭ್ಯಾಸ ಮಾಡುತ್ತಾಳೆ. ಒಂದು, ಎರಡು, ಮೂರು ಇಟ್ಟಿಗೆ ಆಯಿತು. ನಾಲ್ಕು ಆಗಲು ಎರಡು ತಿಂಗಳು ಬೇಕಾಯಿತು. ಐದನೆಯದು ಆಗಲೇ ಇಲ್ಲ. ಮೊಣಕಾಲು ಇನ್ನು ಮಡಚುವುದೇ ಇಷ್ಟು ಎಂದು ಮೂಳೆ ಡಾಕ್ಟರು ಕೈಯಲ್ಲಿ ಕೋನ ಮಾಡಿ ತೋರಿಸಿದರು. ನಾನು ಹೋಗಿ ಗಾಡಿಯ ಬಾಗಿಲ ಹೊಸ್ತಿಲು ಅಳೆದೆ. ಸರಿಯಾಗಿ ಐದು ಇಟ್ಟಿಗೆ.

ಕೆಳಗೊಂದು ಸ್ಟೂಲು ಇಟ್ಟರಾಯಿತಲ್ಲ ಎಂದು ಬಾಯಿತಪ್ಪಿ ಅಂದೆ. ಆ ಹೊತ್ತಿನ ಅವಳ ನೋಟವನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ. ಬಿದ್ದದ್ದು ಸ್ಟೂಲಿನಿಂದ, ಇನ್ನು ಜನ್ಮದಲ್ಲಿ ಅದರ ಮೇಲೆ ಕಾಲಿಡುವವಳಲ್ಲ. ಇನ್ನೊಂದು ದಿನ ನಾನೂ ಪಕ್ಕದ ದರ್ಜಿಯೂ ಸೇರಿ ಎತ್ತಿ ಕೂರಿಸಲು ನೋಡಿದೆವು. ನಾನು ತಲೆಯ ಕಡೆ, ಅವನು ಕಾಲಿನ ಕಡೆ. ಅರ್ಧಕ್ಕೆ ಅವನಿಗೆ ಕೆಮ್ಮು ಬಂತು. "ಇಳ್ಸಿ ನನ್ನ. ನಾನೇನು ಬೀರುನಾ?" ಎಂದಳು. ಇಳಿಸಿದೆವು. ಒಳಗೆ ಹೋಗಿ ಕೋಲನ್ನು ಮೂಲೆಗೆ ಎಸೆದ ಸದ್ದು ಕೇಳಿಸಿತು. ತನ್ನ ಕಾಲಿನಲ್ಲಿ ತಾನು ಹತ್ತುವ ಹಾಗಾದರೆ ಮಗಳ ಮನೆಗೆ ಹೋಗುತ್ತಾಳಂತೆ, ಹೊತ್ತುಕೊಂಡು ಹೋಗಿ ಇಳಿಸುವುದಾದರೆ ಹೋಗುವುದೇ ಇಲ್ಲವಂತೆ. ಎರಡು ದಿನ ನಿನ್ನ ಹೆಸರೇ ಎತ್ತಲಿಲ್ಲ. ಗೋಡೆಗೂ ಏನೂ ಹೇಳಲಿಲ್ಲ. ಅದು ನನಗೆ ಬಹಳ ಕಷ್ಟವಾಯಿತು.

ಅವಳ ಕಾಲು ಮೇಲೆ ಬರುವುದಿಲ್ಲ ಎಂದ ಮೇಲೆ ಗಾಡಿಯೇ ಕೆಳಗೆ ಬರಬೇಕು. ಒಂದು ಇಟ್ಟಿಗೆ, ಅಂದರೆ ಮೂರು ಇಂಚು. ಹಿಂದುಗಡೆ ಇಳಿಸುವ ಕೆಲಸ. ಮೂವತ್ತೆಂಟು ವರ್ಷದಲ್ಲಿ ನಾನು ಒಂದು ಗಾಡಿಯನ್ನೂ ಇಳಿಸಿದವನಲ್ಲ. ಕುಸಿದದ್ದನ್ನು ಎಬ್ಬಿಸಿ ಕಳಿಸುವುದೇ ನನ್ನ ಕಸುಬು.

ಆ ದಿನ ನಡೆದದ್ದು ನಿನಗೂ ನೆನಪಿರುತ್ತದೆ. ಕೆಂಪು ಕಾರಿನ ಹುಡುಗ ಬಂದು ಹಿಂದುಗಡೆ ಎರಡು ಇಂಚು ಇಳಿಸಿಕೊಡಿ ಎಂದ. ನಾನು ಆಗಲ್ಲ ಎಂದೆ. ನೀನು ಆಗುತ್ತೆ ಎಂದೆ. ಮಾರನೆಯ ದಿನ ನೋಡಿದರೆ ನೀನು ಉಕ್ಕಿನ ದಪ್ಪ ತುಂಡು ತಂದು, ಕೊಯ್ದು, ಉಜ್ಜಿ, ಒಂದು ಬದಿಗೆ ಗೂಟ, ಇನ್ನೊಂದು ಬದಿಗೆ ಗುಳಿ ಮಾಡಿ, ಎರಡು ಬ್ಲಾಕ್ ತಯಾರು ಮಾಡಿಟ್ಟಿದ್ದೆ. ಕಮಾನು ಮುಟ್ಟುವುದೇ ಬೇಡ, ಕಮಾನಿಗೂ ಚಕ್ರಗಳ ಆಕ್ಸಲಿಗೂ ನಡುವೆ ಇದನ್ನಿಟ್ಟು ಉದ್ದದ ಯು ಬೋಲ್ಟ್ ಬಿಗಿದರೆ ಗಾಡಿ ತಾನಾಗಿ ಇಳಿಯುತ್ತದೆ ಎಂದು ನೀನು ಹೇಳಿದೆ. ನನಗೆ ನಗು ಬಂತು. ಲಾರಿಯಲ್ಲಿ ಕಮಾನು ಆಕ್ಸಲಿನ ಮೇಲೆ ಕೂರುತ್ತದೆ, ನಡುವೆ ಬ್ಲಾಕ್ ಇಟ್ಟರೆ ಗಾಡಿ ಏಳುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಬರೀ ಲಾರಿ. ಕಾರಿನಲ್ಲಿ ಕಮಾನು ಆಕ್ಸಲಿನ ಕೆಳಗೆ ಹೋಗುತ್ತದೆ, ಅಪ್ಪಾ, ಅಲ್ಲಿ ಲೆಕ್ಕ ತಿರುಗಾಮುರುಗಾ ಎಂದು ನೀನು ಲಾರಿ ಡ್ರೈವರುಗಳ ಮುಂದೆ ಹೇಳಿದೆ. ಅವರಲ್ಲಿ ಒಬ್ಬ ಹಲ್ಲು ಕಿರಿದು "ಸಣ್ಣ ಮೇಸ್ತ್ರಿ ದೊಡ್ಡ ಮೇಸ್ತ್ರಿಗೆ ಪಾಠ ಮಾಡ್ತಿದ್ದಾರೆ" ಎಂದ. ಅಷ್ಟೇ. ಆಮೇಲೆ ನಾನು ಅಂದದ್ದೆಲ್ಲ ನಿನಗೆ ಬಾಯಿಪಾಠ ಆಗಿರುತ್ತದೆ. ಮೋಸದ ಕೆಲಸ ಎಂದೆ. ಇದನ್ನೇ ಮಾಡೋದಾದರೆ ಈ ಕಡೆ ತಲೆ ಹಾಕಬೇಡ ಎಂದೆ. ಬ್ಲಾಕುಗಳನ್ನು ಎತ್ತಿ ಗುಜರಿ ಡ್ರಮ್ಮಿಗೆ ಎಸೆದೆ. ಮೂರು ವರ್ಷದಲ್ಲಿ ಗುಜರಿಯವನು ಎಷ್ಟೋ ಸಲ ಬಂದು ಹೋದ. ಆ ಡ್ರಮ್ಮು ಮಾತ್ರ ಕೊಡುವುದಲ್ಲ ಎಂದು ಹೇಳುತ್ತಾ ಬಂದೆ. ಯಾಕೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮೊನ್ನೆ ಮಂಗಳವಾರ ಲಾರಿ ಯಾವುದೂ ಬರಲಿಲ್ಲ. ಡ್ರಮ್ಮು ಮಗುಚಿ ಹಾಕಿ ಹುಡುಕಿದೆ. ಎರಡೂ ತಳದಲ್ಲೇ ಇದ್ದವು, ತುಕ್ಕು ಹಿಡಿದು. ಬ್ರಷ್ ಹಾಕಿ ಉಜ್ಜಿ, ಅಳತೆ ಹಿಡಿದು ನೋಡಿದೆ. ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಗೂಟ ಆಕ್ಸಲಿನ ತೂತಿನಲ್ಲಿ ಅಲುಗಾಡದೆ ಕೂತಿತು. ಒಳ್ಳೆಯ ಕೆಲಸ. ಇದನ್ನು ಅಂದೇ ಅಳೆದು ನೋಡಬೇಕಿತ್ತು, ನೋಡಲಿಲ್ಲ.

ಇನ್ನು ನನ್ನ ಘನಕಾರ್ಯ ಕೇಳು. ಬುಧವಾರ ಗಾಡಿಯನ್ನು ಚಾಸಿಯ ಕೆಳಗೆ ಕುದುರೆ ಸ್ಟ್ಯಾಂಡು ಕೊಟ್ಟು ನಿಲ್ಲಿಸಿದೆ, ಆಕ್ಸಲಿಗೆ ಜಾಕ್ ಕೊಟ್ಟೆ. ಚಕ್ರ ಬಿಚ್ಚಿದೆ, ಶಾಕ್ ಅಬ್ಸಾರ್ಬರಿನ ಕೆಳತುದಿ ಬಿಚ್ಚಿದೆ, ಯು ಬೋಲ್ಟ್ ಬಿಚ್ಚಿದೆ. ಎರಡು ಇಂಚು ಉದ್ದವಾದ ಹೊಸ ಯು ಬೋಲ್ಟುಗಳನ್ನು ಹಿಂದಿನ ದಿನವೇ ಬಗ್ಗಿಸಿ ನಟ್ಟಿಗೆ ಥ್ರೆಡ್ಡು ಕೊರೆದಿಟ್ಟಿದ್ದೆ. ಇನ್ನು ಜಾಕ್ ಎತ್ತಿದರೆ ಆಕ್ಸಲು ಕಮಾನಿನಿಂದ ಮೇಲೇಳುತ್ತದೆ, ನಡುವೆ ಬ್ಲಾಕ್ ತಳ್ಳಿದರೆ ಮುಗಿಯಿತು. ಕಮಾನು ಕೆಳಗಿಳಿಸುವ ಅಗತ್ಯವೇ ಇರಲಿಲ್ಲ. ಆದರೆ ಅಷ್ಟು ಹತ್ತಿರ ಹೋಗಿ ಕಮಾನಿನ ಮೇಲಿನ ಕೆಸರು ಒರೆಸದೆ ಬರುವುದು ಹೇಗೆ ಎನಿಸಿತು. ಒರೆಸಲು ಇಳಿಸಿದೆ. ಇಳಿಸಿದ ಮೇಲೆ ಪಟ್ಟಿ ಪಟ್ಟಿ ಬಿಡಿಸಿದೆ. ಬಿಡಿಸಿದ ಮೇಲೆ ನೋಡಿದರೆ ದೊಡ್ಡ ಪಟ್ಟಿ ಸ್ವಲ್ಪ ಕುಸಿದಿದೆ. ಸುತ್ತಿಗೆ ಕೈಯಲ್ಲೇ ಇತ್ತು. ಮಗಳೇ, ನಾನು ಏನು ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ. ಒಂದೊಂದೇ ಪಟ್ಟಿಯನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಬಡಿದು, ಕಣ್ಣಳತೆ ನೋಡಿ, ಮತ್ತೆ ಬಡಿದು, ಎರಡು ಇಂಚು ಬಾಗು ಏರಿಸಿ, ಗ್ರೀಸು ಸವರಿ, ಜೋಡಿಸಿ, ಹಾಡು ಗುನುಗುತ್ತಾ ಗಾಡಿಗೆ ಕಟ್ಟಿದೆ. ಆಮೇಲೆ ನಿನ್ನ ಬ್ಲಾಕ್ ಇಟ್ಟು ಯು ಬೋಲ್ಟ್ ಬಿಗಿದು, ಗಾಡಿ ನೆಲಕ್ಕೆ ಬಿಟ್ಟು, ಮುಂದಕ್ಕೂ ಹಿಂದಕ್ಕೂ ಉರುಳಿಸಿ, ಹಿಂಭಾಗ ಅದುಮಿ ನೋಡಿ, ನಿನ್ನ ಅಮ್ಮನನ್ನು ಕೂಗಿದೆ.

ಅವಳು ಕೋಲೂರಿಕೊಂಡು ಬಂದಳು, ಹೊಸ ಸೀರೆ ಉಟ್ಟುಕೊಂಡು. ಇಟ್ಟಿಗೆ ಪೇರಿಸಿ ನೋಡಿದೆವು. ಐದು. ಇನ್ನೊಮ್ಮೆ ಪೇರಿಸಿದೆ. ಐದೇ. ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇತ್ತು ಗಾಡಿ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಎರಡು ಇಂಚು ಇಳಿಸಲು ಹೋಗಿ, ಕೈ ಸುಮ್ಮನಿರದೆ ಎರಡು ಇಂಚು ಎಬ್ಬಿಸಿದ್ದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಗಿಲು ಹಿಡಿದುಕೊಂಡು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ದರ್ಜಿ ಹೊಲಿಗೆ ಬಿಟ್ಟು ಕತ್ತರಿ ಹಿಡಿದುಕೊಂಡೇ ಓಡಿಬಂದ. "ಬೆಳಗ್ಗಿಂದ ಸಂಜೆವರೆಗೂ ಕಷ್ಟಪಟ್ಟು ಗಾಡೀನ ಇದ್ದ ಜಾಗದಲ್ಲೇ ನಿಲ್ಸಿದ್ದಾರೆ ನೋಡಣ್ಣ" ಎಂದು ಅವನಿಗೆ ವರದಿ ಕೊಟ್ಟಳು. ಬಿದ್ದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ಸೀರೆಯ ನೆರಿಗೆ ಸರಿ ಮಾಡಿಕೊಂಡು, "ಹಾಗಾದ್ರೆ ಈ ವಾರ ಹೋಗೋದಿಲ್ಲ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಹೊಸ ಸೀರೆ ಬಿಚ್ಚಿ ಮಡಚಿಟ್ಟಳು.

ಮಾರನೆಯ ದಿನ ಎಲ್ಲ ಮತ್ತೆ ಬಿಚ್ಚಿದೆ. ಜಂಭಕ್ಕೆ ಹಾಕಿದ್ದ ಹೆಚ್ಚುವರಿ ಪಟ್ಟಿಯನ್ನು ಮೊದಲು ತೆಗೆದು ಪಕ್ಕಕ್ಕಿಟ್ಟೆ. ಅದನ್ನು ಮೊದಲೇ ತೆಗೆಯಬಹುದಿತ್ತಲ್ಲ ಎಂದು ನೀನು ಕೇಳುತ್ತೀಯಾ. ತೆಗೆಯಬಹುದಿತ್ತು. ಮನಸ್ಸು ಬರಲಿಲ್ಲ, ಬ್ಲಾಕೊಂದೇ ಸಾಕಾದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಉಳಿದ ಪಟ್ಟಿಗಳನ್ನು ಅಡಿಗಲ್ಲಿನ ಮೇಲೆ ಬೋರಲು ಹಾಕಿ, ಹಿಂದಿನ ದಿನ ಏರಿಸಿದ ಬಾಗನ್ನು ನಾನೇ ಬಡಿದು ಇಳಿಸಿದೆ. ಒಳ್ಳೆಯ ಬಾಗನ್ನು ಇಳಿಸುವುದು ಎಬ್ಬಿಸುವುದಕ್ಕಿಂತ ಕಷ್ಟ. ಕೈಗೆ ಅಲ್ಲ, ಕೈ ಹೇಗೂ ಬಡಿಯುತ್ತದೆ. ಸೊಂಟ ಹಿಡಿದದ್ದು ಅಂದೇ. ನಿನ್ನ ಅಮ್ಮ ಕುರ್ಚಿ ಹಾಕಿಸಿಕೊಂಡು ನನ್ನ ಎದುರೇ ಕೂತು ಕಾವಲು ಕಾದಳು. ನಾನು ಯಾವುದಾದರೂ ಪಟ್ಟಿಯನ್ನು ಎತ್ತಿ ಕಣ್ಣಳತೆ ನೋಡಿದರೆ ಸಾಕು, "ಸಾಕು, ಕೆಳಗಿಡಿ" ಎನ್ನುತ್ತಿದ್ದಳು. ಆಕ್ಸಲಿನ ಬಳಿ ನಾಲ್ಕು ಇಂಚು ಇಳಿದರೆ ಬಾಗಿಲ ಬಳಿ ಮೂರು ಇಳಿಯುತ್ತದೆ ಎಂದು ಈ ಸಲ ಸರಿಯಾಗಿ ಲೆಕ್ಕ ಹಾಕಿದ್ದೆ. ಬ್ಲಾಕಿನದು ಎರಡು, ತೆಗೆದ ಪಟ್ಟಿಯದು ಎರಡು. ಸಂಜೆ ಇಳಿಸಿ ಇಟ್ಟಿಗೆ ಪೇರಿಸಿದಾಗ ನಾಲ್ಕನೆಯ ಇಟ್ಟಿಗೆಯ ಮೇಲ್ಭಾಗವೂ ಬಾಗಿಲ ಹೊಸ್ತಿಲೂ ಒಂದೇ ಮಟ್ಟಕ್ಕೆ ಬಂದವು. ಅವಳು ಇಟ್ಟಿಗೆಯನ್ನೆಲ್ಲ ಕೋಲಿನಿಂದ ಬದಿಗೆ ತಳ್ಳಿ, ಬಾಗಿಲ ಚೌಕಟ್ಟು ಹಿಡಿದು, ಒಳ್ಳೆಯ ಕಾಲು ಊರಿ, ಪ್ಲೇಟಿನ ಕಾಲು ಎತ್ತಿ ಇಟ್ಟಳು. ನಾನು ಕೈ ಚಾಚಿದೆ. ಕೈ ಮುಂದೆ ತರಬೇಡಿ ಎಂದಳು. ಹತ್ತಿದಳು. ಕಾಲು ಚಾಚಿ ಕೂತಳು. ಬಾಗಿಲು ಹಾಕಿ ಎಂದಳು. ಹಾಕಿದೆ. ಗಾಜು ಇಳಿಸಿ ಹೊರಗೆ ನೋಡುತ್ತಾ ಬಹಳ ಹೊತ್ತು ಹಾಗೇ ಕೂತಿದ್ದಳು, ಗಾಡಿ ನಿಂತಲ್ಲೇ ನಿಂತಿತ್ತು. ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು.

ಗಾಡಿಯ ಹಿಂಭಾಗ ತಗ್ಗಿ ಮುಂದಿನ ದೀಪಗಳು ಮರದ ತುದಿ ನೋಡುತ್ತಿದ್ದವು, ಅವನ್ನು ಸರಿಪಡಿಸಿದೆ. ಸ್ವಲ್ಪ ಓಡಿಸಿಕೊಂಡು ಬಂದು ಯು ಬೋಲ್ಟುಗಳನ್ನು ಮತ್ತೆ ಬಿಗಿದೆ, ಅರ್ಧ ಸುತ್ತು ಹಿಡಿಯಿತು. ಈ ಬೀದಿಯ ಜನ ಕಮಾನು ಮೇಸ್ತ್ರಿಯ ಗಾಡಿಗೆ ಏನಾಯಿತು ಎಂದು ಕೇಳುತ್ತಿದ್ದಾರೆ. ಅಂದು ಹಲ್ಲು ಕಿರಿದಿದ್ದ ಅದೇ ಲಾರಿ ಡ್ರೈವರೂ ಬಂದಿದ್ದ, ಕಮಾನು ಮುರೀತಾ ಎಂದ. ಮುರಿದಿಲ್ಲ, ಬೇಕೆಂದೇ ಇಳಿಸಿದ್ದು, ಬ್ಲಾಕ್ ನನ್ನ ಮಗಳು ಮಾಡಿದ್ದು ಎಂದೆ. ಈಗ ನಾನು ಕೇಳಬೇಕಾದ ಮಾತು. ಆಕ್ಸಲು ಮೇಲೆ ಬಂದಾಗ ತಡೆಯುವ ರಬ್ಬರು ಇದೆಯಲ್ಲ, ಅದಕ್ಕೂ ಆಕ್ಸಲಿಗೂ ಈಗ ಎರಡೇ ಬೆರಳು ಸಂದು. ದೊಡ್ಡ ಗುಂಡಿಗೆ ಬಿದ್ದರೆ ಬಡಿಯುತ್ತದೆ, ಬಡಿದರೆ ಅವಳ ಕಾಲಿಗೆ ನೋವು. ನಿನ್ನ ಶೆಡ್ಡಿನಲ್ಲಿ ಇಳಿಸಿದ ಗಾಡಿಗಳಿಗೆ ಆ ರಬ್ಬರನ್ನು ಕೊಯ್ದು ಗಿಡ್ಡ ಮಾಡುತ್ತೀಯಾ, ಅಥವಾ ಮೆತ್ತನೆಯದು ಬೇರೆ ಹಾಕುತ್ತೀಯಾ? ನನಗೆ ಗೊತ್ತಿಲ್ಲ. ನಿನಗೆ ಗೊತ್ತಿರುತ್ತದೆ. ತಿಳಿಸು.

ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ದರ್ಜಿ ಗಾಡಿ ಓಡಿಸಿಕೊಂಡು ನಿನ್ನ ಅಮ್ಮನನ್ನು ಕರೆತರುತ್ತಾನೆ. ಅವನ ಕೈ ನಿಧಾನ, ಭಯವಿಲ್ಲ. ನನಗೆ ಅಂದು ಎರಡು ಲಾರಿಯ ಕೆಲಸ ಇದೆ, ಬರಲಾಗುವುದಿಲ್ಲ. ನಿನ್ನ ಮನೆಯ ಮೆಟ್ಟಿಲು ಎಷ್ಟೆತ್ತರ ಎಂದು ಮೊದಲೇ ಅಳೆದಿಡು, ನಾಲ್ಕು ಇಟ್ಟಿಗೆಗಿಂತ ಹೆಚ್ಚಿದ್ದರೆ ಕೆಳಗಿನ ಶೆಡ್ಡಿನಲ್ಲೇ ಹಾಸಿಗೆ ಹಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ಚೆನ್ನಾಗಿರಲಿ, ನಿನ್ನ ಶೆಡ್ಡಿನ ಬಾಗಿಲು ಯಾವಾಗಲೂ ತೆರೆದಿರಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಮೇಲಿನದನ್ನು ಬರೆದು ಮಡಚಿಟ್ಟಿದ್ದೆ. ನಿನ್ನ ಅಮ್ಮ ತೆಗೆದು ಓದಿದಳು. ದರ್ಜಿಯ ಜೊತೆ ಕಳಿಸುವ ವಿಷಯ ಅವಳಿಗೆ ಗೊತ್ತಾದದ್ದೇ ಈಗ. "ಅವನ ಜೊತೆ ಕೊಟ್ಟು ಕಳ್ಸೋಕೆ ನಾನೇನು ಹೊಲಿಯೋ ಬಟ್ಟೆನಾ? ನೀವು ಓಡ್ಸಿದ್ರೆ ಹೋಗ್ತೀನಿ. ಇಲ್ಲಾಂದ್ರೆ ಗಾಡೀನ ಮತ್ತೆ ಮೇಲೆತ್ಕೊಳ್ಳಿ" ಎಂದಳು. ನೀನೇ ಫೋನ್ ಮಾಡಿ ಮಗಳನ್ನು ಕೇಳು ಎಂದೆ. ಕೆಡಿಸಿದವರೇ ಕೇಳಬೇಕು ಎಂದು ಬೆನ್ನು ತಿರುಗಿಸಿ ಕೂತಿದ್ದಾಳೆ. ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಎರಡು ಲಾರಿಯ ಕೆಲಸ ಎಂದದ್ದು ಸುಳ್ಳು. ನಿನ್ನ ಬಾಗಿಲಲ್ಲಿ ಬಂದು ನಿಂತರೆ ನೀನು ಏನನ್ನುತ್ತೀಯೋ ಎಂದು ನನಗೆ ಭಯ. ಅಂದು ನಾನು ಆಡಿದ್ದು ತಪ್ಪು, ಎಸೆದದ್ದೂ ತಪ್ಪು. ಅಮ್ಮನಿಗೋಸ್ಕರವಾದರೂ ನನ್ನನ್ನು ಬಾ ಅನ್ನು ಎಂದು ಬರೆಯಲು ಹೊರಟಿದ್ದೆ, ಅವಳ ಕಾಲನ್ನು ಮುಂದಿಟ್ಟು ಕೇಳುವುದು ಸರಿಯಲ್ಲ ಎನಿಸಿತು. ನನಗೇ ನಿನ್ನನ್ನು ನೋಡಬೇಕು ಮಗಳೇ. ನನ್ನನ್ನು ಕರೆ.